ಆದಾಗ್ಯೂ ಸಾಹೇಬರು ಓದಿದ ನದಿ

ನನ್ನ ತಮ್ಮನನ್ನು ನಮ್ಮ ಬೀದಿಯವರು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ‘ಆದಾಗ್ಯೂ ಸಾಹೇಬರು’ ಎನ್ನುತ್ತಾರೆ. ಬೆನ್ನ ಹಿಂದೆ ಅಲ್ಲ, ಎದುರಿಗೇ ಎನ್ನುತ್ತಾರೆ. ಅವನೂ ತಿರುಗಿ ನೋಡಿ ನಗುತ್ತಾನೆ. ಅದು ಬೈಗುಳವೋ ಬಿರುದೋ ಎಂದು ಕೇಳಿದರೆ ಎರಡಕ್ಕೂ ಆಧಾರಗಳಿವೆ ಎಂದಾನು. ಅಂಥವನು.

ಹುಟ್ಟಿದ್ದೇ ಹಾಗೆ. ನಾವು ಚಿಕ್ಕವರಿದ್ದಾಗ ಅಪ್ಪ ಅಮ್ಮನ ನಡುವೆ ಕಿಟಕಿಯ ವಿಷಯಕ್ಕೂ ಜಗಳವಾಗುತ್ತಿತ್ತು. ಅಪ್ಪನಿಗೆ ತೆರೆದಿರಬೇಕು, ಅಮ್ಮನಿಗೆ ಮುಚ್ಚಿರಬೇಕು. ಇಬ್ಬರಿಗೂ ಸುಸ್ತಾದ ಮೇಲೆ ಇವನನ್ನು ಕರೆದು “ನೀನೇ ಹೇಳೋ” ಎನ್ನುವರು. ನನ್ನನ್ನು ಕೇಳುತ್ತಿರಲಿಲ್ಲ, ಯಾಕೆಂದರೆ ನಾನು ಹೇಳಿಬಿಡುತ್ತಿದ್ದೆ. ಇವನು ಅಪ್ಪನ ಮುಖ ನೋಡಿ “ಗಾಳಿ ಬೇಕು ಅನ್ನೋದು ಸರಿ” ಎನ್ನುವನು, ಅಮ್ಮನ ಮುಖ ನೋಡಿ “ಧೂಳು ಬರುತ್ತೆ ಅನ್ನೋದೂ ಸರಿ” ಎನ್ನುವನು, ಇಬ್ಬರಿಂದಲೂ ಮುದ್ದು ಮಾಡಿಸಿಕೊಂಡು ಆಡಲು ಓಡುವನು. ಕಿಟಕಿ ಅರ್ಧ ತೆರೆದು ಅರ್ಧ ಮುಚ್ಚಿ ಇರುತ್ತಿತ್ತು. ಧೂಳು ಒರೆಸುವ ಕೆಲಸ ನನ್ನದಾಗಿತ್ತು.

ದೊಡ್ಡವನಾದ ಮೇಲಾದರೂ ಬುದ್ಧಿ ಬಂತೇ? ಬಂತು, ವಿದ್ಯೆಯ ಜೊತೆಗೆ ಸೇರಿ ಇನ್ನಷ್ಟು ಕೆಟ್ಟಿತು. ಒಂದು ಬಾಡಿಗೆ ಮನೆ ನೋಡಲು ಹೋದರೆ ಅದರ ಗುಣ ಒಂದು ಕಡೆ, ದೋಷ ಒಂದು ಕಡೆ ಬರೆದು ಮುಗಿಸುವಷ್ಟರಲ್ಲಿ ಆ ಮನೆಗೆ ಬೇರೆಯವರು ಬಂದು, ಪರದೆ ಕಟ್ಟಿ, ಅಡುಗೆ ಮಾಡಿಕೊಂಡು ಉಣ್ಣುತ್ತಿರುತ್ತಿದ್ದರು. ಅವನ ಮದುವೆ ಆದದ್ದು ಅವನ ಹೆಂಡತಿಯಾದ ನನ್ನ ನಾದಿನಿಯ ಪುಣ್ಯದಿಂದ. ಅವಳು ಬಸ್ ಕಂಡಕ್ಟರು. ದಿನವಿಡೀ “ಎಲ್ಲಿಗೆ? ಬೇಗ ಹೇಳಿ” ಎಂದು ಕೇಳಿ ಕೇಳಿ ಪಳಗಿದವಳು. ಇವನನ್ನೂ ಹಾಗೆಯೇ ಕೇಳಿದಳು. ಇವನು ತಡವರಿಸುವಷ್ಟರಲ್ಲಿ ಅವಳೇ ದಿನ ಗೊತ್ತು ಮಾಡಿಯಾಗಿತ್ತು. ಇಲ್ಲದಿದ್ದರೆ ಇವತ್ತಿಗೂ ಅವನು ಆ ಬಸ್ಸಿನಲ್ಲಿ ಕೊನೆಯ ಸ್ಟಾಪಿನವರೆಗೆ ಹೋಗಿ ವಾಪಸು ಬರುತ್ತಿರುತ್ತಿದ್ದ.

ಇಂಥವನಿಗೆ ತಕ್ಕ ಕೆಲಸ ಲೋಕದಲ್ಲಿ ಇದೆಯೇ ಎಂದು ನಾನು ಚಿಂತೆ ಮಾಡಿದ್ದುಂಟು. ಇತ್ತು. ನದಿ ಜಲಾನಯನ ನಿರ್ವಹಣಾ ಕಚೇರಿ ಎಂಬುದೊಂದು ಇತ್ತು. ಜಲಾನಯನ ಎಂದರೆ ಬೇರೇನಲ್ಲ, ನದಿ, ನದಿಗೆ ಬಂದು ಸೇರುವ ಹಳ್ಳ, ಹಳ್ಳಕ್ಕೆ ಬಂದು ಬೀಳುವ ಚರಂಡಿ, ಇವೆಲ್ಲ ಹರಿಯುವ ಅಷ್ಟೂ ನೆಲ. ಅದನ್ನೆಲ್ಲ ಆ ಕಚೇರಿ ನಿರ್ವಹಿಸುತ್ತದೆ. ಕಟ್ಟಡದ ಮೂರನೆಯ ಮಹಡಿಯಲ್ಲಿ ಉದ್ದನೆಯ ಕೋಣೆ, ಸಾಲಾಗಿ ಮೇಜು, ಸಾಲಾಗಿ ಕಿಟಕಿ. ಎಲ್ಲ ಕಿಟಕಿಗಳೂ ವಾಹನ ನಿಲ್ಲಿಸುವ ಅಂಗಳದ ಕಡೆಗಿದ್ದವು. ನದಿಯ ಕಡೆಗೆ ಇದ್ದದ್ದು ಗೋಡೆ. ಗೋಡೆಯ ಮೇಲೆ ನದಿಯ ನಕ್ಷೆ. ಒಮ್ಮೆ ಊಟದ ಡಬ್ಬಿ ಕೊಡಲು ಹೋದಾಗ “ಈ ಗೋಡೆಗೊಂದು ಕಿಟಕಿ ಇಟ್ಟಿದ್ರೆ ನದೀನೇ ಕಾಣ್ತಿತ್ತಲ್ಲೋ” ಎಂದೆ. “ಆಗ ನಕ್ಷೆ ಎಲ್ಲಿ ಹಾಕೋದು ಅಕ್ಕಾ?” ಎಂದ. ತಮಾಷೆಗೆ ಅಂದದ್ದಲ್ಲ ಮಾರಾಯರೇ, ನಿಜವಾಗಿಯೂ ಕೇಳಿದ.

ಅಲ್ಲಿ ಅವನು ಸಂಗ್ರಹಕಾರ. ಈ ನದಿಯ ಮೇಲೆ ಯಾರು ಯಾರು ಏನೇನು ಸಂಶೋಧನೆ ಮಾಡಿದ್ದಾರೋ ಅದನ್ನೆಲ್ಲ ಹುಡುಕಿ, ಓದಿ, ಒಂದೊಂದನ್ನೂ ಒಂದು ಪುಟಕ್ಕೆ ಇಳಿಸಿ, ಒಂದು ದೊಡ್ಡ ಸಂಪುಟ ಮಾಡಬೇಕು. ಆ ಸಂಪುಟ ನೋಡಿಕೊಂಡು ಮೇಲಿನವರು ನದಿಯನ್ನು ಹೇಗೆ ಆಳಬೇಕೆಂದು ತೀರ್ಮಾನಿಸುತ್ತಾರೆ. ಕೆಲಸ ಕೆಟ್ಟದ್ದೇನಲ್ಲ, ನಾನು ಬೈಯುತ್ತಿರುವುದು ಕೆಲಸವನ್ನಲ್ಲ. ಅವನು ಶ್ರದ್ಧೆಯಿಂದಲೇ ಮಾಡುತ್ತಿದ್ದ. ವರದಿಯಲ್ಲಿ ನೀರು ಚೆನ್ನಾಗಿದೆ ಎಂದಿದ್ದರೆ ಹಸಿರು ಚೀಟಿ, ಕೆಟ್ಟಿದೆ ಎಂದಿದ್ದರೆ ಕೆಂಪು ಚೀಟಿ, ಹೇಳಲು ಬರುವುದಿಲ್ಲ ಎಂದಿದ್ದರೆ ಹಳದಿ ಚೀಟಿ. ಹಳದಿ ಚೀಟಿಯ ಕಟ್ಟು ಅವನ ಮೇಜಿನ ಮೇಲೆ ಎಲ್ಲಕ್ಕಿಂತ ಎತ್ತರಕ್ಕಿತ್ತು, ಅವನಿಗೆ ಅದರ ಮೇಲೆ ಪ್ರೀತಿಯೂ ಹೆಚ್ಚು. ಆ ಕೆಲಸ ಕಾಯಂ ಆಗಿರಲಿಲ್ಲ. ಸಂಪುಟ ಚೆನ್ನಾಗಿ ಬಂದರೆ ಕಾಯಂ ಮಾಡುತ್ತೇನೆಂದು ನಿರ್ದೇಶಕರು ಬಾಯಿಬಿಟ್ಟು ಹೇಳಿದ್ದರು.

ಇನ್ನು ನನ್ನ ಕಥೆ ಹೇಳದೆ ಅವನ ಕಥೆ ಮುಂದೆ ಹೋಗುವುದಿಲ್ಲ. ನಾನು, ನನ್ನ ಗಂಡ ಕೆಳಬೀದಿಯಲ್ಲಿ ಬಟ್ಟೆ ಒಗೆಯುವ ಅಂಗಡಿ ನಡೆಸುತ್ತಿದ್ದೆವು. ಬೀದಿಯ ಒಂದು ಬದಿ ಪೂರ್ತಿ ಅಂಥ ಅಂಗಡಿಗಳೇ. ಹಿಂದೆ ನದಿ. ಪಂಪಿನಿಂದ ನೀರೆತ್ತಿ ತೊಟ್ಟಿಯಲ್ಲಿ ತಿಳಿಯಾಗಲು ಬಿಟ್ಟು, ಕಾಯಿಸಿ, ಯಂತ್ರಕ್ಕೆ ಹಾಯಿಸುವುದು. ಹೋಟೆಲಿನ ಮೇಜುಬಟ್ಟೆ, ಕ್ಷೌರದಂಗಡಿಯ ಟವೆಲು, ಎಲ್ಲಕ್ಕಿಂತ ಹೆಚ್ಚಾಗಿ ದೊಡ್ಡಾಸ್ಪತ್ರೆಯ ಹಾಸಿಗೆ ಬಟ್ಟೆ. ಆಸ್ಪತ್ರೆಯ ಬಟ್ಟೆ ಬರುತ್ತಿದ್ದುದರಿಂದಲೇ ನಮ್ಮ ಬೀದಿ ಉಸಿರಾಡುತ್ತಿತ್ತು. ನನ್ನ ಗಂಡ ಇಸ್ತ್ರಿಯ ಉರುಳೆಯಿಂದ ಹಾಸುಬಟ್ಟೆ ಹೊರಗೆ ಬರುವಾಗ ಒಂದು ಮೂಲೆ ಹಿಡಿದರೆ ನಾನು ಇನ್ನೊಂದು ಮೂಲೆ ಹಿಡಿಯುತ್ತಿದ್ದೆ. ನಮ್ಮ ಸಂಸಾರದ ಮುಕ್ಕಾಲು ಮಾತು ಆ ಬಟ್ಟೆಯ ಎರಡು ತುದಿಯಲ್ಲಿ ನಿಂತೇ ಆಗಿದೆ.

ಆಮೇಲೆ ನದಿಯ ತಿರುವಿನ ಮೇಲ್ಗಡೆ ಚರ್ಮ ಹದಮಾಡುವ ಕಾರ್ಖಾನೆಗಳು ಬಂದವು. ಅವುಗಳ ಚರಂಡಿ ನೇರ ನದಿಗೆ, ನಮ್ಮ ಪಂಪಿನ ತಲೆಯ ಮೇಲೆ. ಮೊದಲು ವಾಸನೆ ಬಂತು, ನಾವು ಮೂಗು ಮುಚ್ಚಿಕೊಂಡೆವು. ಆಮೇಲೆ ಬಟ್ಟೆಯ ಅಂಚಿನಲ್ಲಿ ಚಹಾ ಚೆಲ್ಲಿದಂಥ ಕಲೆ ಬರಲು ಶುರುವಾಯಿತು. ಎರಡನೆಯ ಸಲ ಒಗೆದರೆ ಕಲೆ ಹೋಗುವುದಿರಲಿ, ನಡುವಿಗೆ ಹಬ್ಬುತ್ತಿತ್ತು. ನಲ್ಲಿ ನೀರು ನಮ್ಮ ಬೀದಿಗೆ ಬರುವುದು ಕುಡಿಯಲಷ್ಟೇ ಸಾಕಾಗುವಷ್ಟು. ಆಸ್ಪತ್ರೆಯ ಬಟ್ಟೆ ಕೋಣೆಯ ಮೇಲ್ವಿಚಾರಕಿ ಒಳ್ಳೆಯ ಹೆಂಗಸು, ನಮ್ಮನ್ನು ಬಹಳ ದಿನ ಸಹಿಸಿಕೊಂಡಳು. ಕೊನೆಗೆ ಒಂದು ಹಾಸುಬಟ್ಟೆಯನ್ನು ನನ್ನ ಮುಂದೆ ಬಿಡಿಸಿ ಹಿಡಿದು, “ನಿಮ್ಮ ಕೆಲಸದ ಮೇಲೆ ನಂಗೆ ದೂರಿಲ್ಲಮ್ಮ. ಆದ್ರೆ ರೋಗಿ ಇದರ ಮೇಲೆ ಮಲಗಿ ಏನಂದ್ಕೋತಾನೆ ಹೇಳಿ? ನದಿ ಆಫೀಸಿನವರು ಸಭೆ ಕರೆದಿದಾರಂತಲ್ಲ, ಅಲ್ಲಿವರೆಗೆ ನೋಡ್ತೀನಿ. ಆಮೇಲೆ ನನ್ನ ಕೈಲಿಲ್ಲ” ಎಂದಳು.

ಸಭೆ ಕರೆದದ್ದು ನಿಜ. ಆ ಚರಂಡಿಯನ್ನು ನಮ್ಮ ಬೀದಿ ದಾಟಿದ ಮೇಲೆ ನದಿಗೆ ಬೀಳುವ ಹಾಗೆ ತಿರುಗಿಸಬೇಕೋ ಬೇಡವೋ ಎಂದು ಸಾರ್ವಜನಿಕ ಸಭೆಯಲ್ಲಿ ತೀರ್ಮಾನ. ತೀರ್ಮಾನಕ್ಕೆ ಆಧಾರ ಸಂಪುಟ. ಸಂಪುಟ ಮಾಡುವವನು ನನ್ನ ಒಡಹುಟ್ಟಿದವನು! ಬೀದಿಯವರ ಸಂಭ್ರಮ ಕೇಳಬೇಕೇ? ಪಕ್ಕದ ಅಂಗಡಿಯ ಮುದುಕಿ ನನ್ನ ಗಲ್ಲ ಹಿಡಿದು “ಇನ್ನೇನು ಬಿಡೇ, ನಮ್ಮ ಹುಡುಗನೇ ಒಳಗಿದಾನೆ” ಎಂದಳು. ನನಗೆ ಮಾತ್ರ ಭರವಸೆ ಇರಲಿಲ್ಲ. ಒಳಗಿರುವವನು ಯಾರೆಂದು ನನಗೆ ಗೊತ್ತಿತ್ತಲ್ಲ.

ಒಂದು ಭಾನುವಾರ ಅವನನ್ನು ಅಂಗಡಿಗೆ ಕರೆಸಿ ನೇರವಾಗಿ ಕೇಳಿದೆ. “ಏನೋ, ನಿನ್ನ ಸಂಪುಟದಲ್ಲಿ ನಮ್ಮ ನೀರಿನ ಬಗ್ಗೆ ಏನು ಬಂದಿದೆ?”

“ಹಳದಿ ಬಿಟ್ಟು ಒಟ್ಟು ಹದಿಮೂರು ವರದಿ ಸಿಕ್ಕಿವೆ ಅಕ್ಕಾ. ಹನ್ನೆರಡು ಹಸಿರು, ಒಂದು ಕೆಂಪು.”

“ಅಂದ್ರೆ?”

“ಅಂದ್ರೆ ಬಹುಪಾಲು ಸಂಶೋಧಕರ ಪ್ರಕಾರ ನೀರು ಚೆನ್ನಾಗಿದೆ. ಆದಾಗ್ಯೂ...”

ನನಗೆ ಮೈಯೆಲ್ಲ ಉರಿದುಹೋಯಿತು. ಕಲೆಯಾದ ಹಾಸುಬಟ್ಟೆ ಎಳೆದು ಅವನ ಮುಖಕ್ಕೆ ಹಿಡಿದೆ. “ಇದೇನೋ ಇದು? ಹಸಿರಾ? ಕೆಂಪಾ?” ಅವನು ಪಾಪ, ಬಟ್ಟೆಯನ್ನು ಎರಡು ಕೈಯಲ್ಲೂ ಹಿಡಿದು, ಬೆಳಕಿಗೆ ಒಡ್ಡಿ, ತಿರುಗಿಸಿ ತಿರುಗಿಸಿ ನೋಡಿದ. ನೋಡಿ, “ಇದು ಅಧ್ಯಯನ ಅಲ್ಲ ಅಕ್ಕಾ. ಇದು ಬಟ್ಟೆ” ಎಂದ. ನನ್ನ ಗಂಡ ಮಾತಾಡುವ ಜೀವವಲ್ಲ. ಅವತ್ತು ಇಸ್ತ್ರಿಯ ಉರುಳೆ ನಿಲ್ಲಿಸಿ ಹೊರಗೆ ಹೋಗಿ ನಿಂತರು. ಒಳಗಿದ್ದರೆ ಭಾವಮೈದುನನನ್ನು ಅದರೊಳಕ್ಕೆ ಹಾಕಿಬಿಡುತ್ತಿದ್ದರೇನೋ.

ಕೆಂಪು ಚೀಟಿಯ ಆ ಒಂದು ವರದಿ ಕಾಲೇಜಿನ ಮೇಡಂ ಒಬ್ಬಳದು. ಒಂದು ವರ್ಷ ಪೂರ್ತಿ ತಿಂಗಳು ತಿಂಗಳೂ ನಮ್ಮ ಹಿಂದಿನ ಮೆಟ್ಟಿಲಿಳಿದು ಗಾಜಿನ ಕೊಳವೆಯಲ್ಲಿ ನೀರು ತುಂಬಿಸಿಕೊಂಡು ಹೋಗಿದ್ದಳು, ನಾನೇ ಚಹಾ ಕೊಟ್ಟಿದ್ದೆ. ಅವಳದು ಒಂದು. ಆ ಕಡೆ ಹನ್ನೆರಡು. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡ ಅಭ್ಯರ್ಥಿಯ ಹಾಗೆ ಕುಳಿತಿತ್ತು ಆ ಕೆಂಪು ಚೀಟಿ.

ನನ್ನ ತಮ್ಮನಲ್ಲಿ ಒಂದು ಗುಣವಿದೆ, ಹೇಳದಿದ್ದರೆ ತಪ್ಪಾಗುತ್ತದೆ. ಕೊಟ್ಟ ಕೆಲಸದಲ್ಲಿ ಒಂದು ಖಾನೆಯನ್ನೂ ಖಾಲಿ ಬಿಡಲಾರ. ಪ್ರತಿ ವರದಿಯ ಪುಟದಲ್ಲೂ ‘ನೀರಿನ ಮಾದರಿ ತೆಗೆದ ಜಾಗ’ ಎಂಬ ಖಾನೆಯಿತ್ತು. ಮೇಡಂ ತನ್ನ ವರದಿಯಲ್ಲಿ ಜಾಗ ಬರೆದಿದ್ದಳು. ಉಳಿದ ಹನ್ನೆರಡರಲ್ಲಿ ಅದು ಇರಲಿಲ್ಲ. ಸರಿ, ಫೋನ್ ಹಚ್ಚಿದ. ಮನೆಯಲ್ಲಿ ಮಕ್ಕಳ ಗಲಾಟೆ ಎಂದು ಭಾನುವಾರ ಭಾನುವಾರ ನಮ್ಮ ಅಂಗಡಿಯ ಹಿಂದಿನ ಕೋಣೆಯಲ್ಲಿ, ಒಗೆದ ಬಟ್ಟೆಯ ಗುಡ್ಡದ ಮೇಲೆ ಕೂತು ಒಬ್ಬೊಬ್ಬರನ್ನೇ ಕೇಳುತ್ತಿದ್ದ. ನಾನು ಮಡಿಸುತ್ತಾ ಕಿವಿಗೊಡುತ್ತಿದ್ದೆ.

ಮೊದಲನೆಯವರು ತೋಟಗಳ ನೀರಾವರಿಯ ಬಗ್ಗೆ ಬರೆದವರು. “ಅಯ್ಯೋ, ಆ ನೀರಿನ ಅಂಕಿ ನಂದಲ್ಲಪ್ಪಾ, ಮೀನಿನ ವರದಿಯಿಂದ ತಗೊಂಡೆ” ಎಂದರು. ಮೀನಿನವರು, “ನಾವು ಮೀನು ಎಣಿಸಿದ್ದು. ನೀರಿನದ್ದು ಸೇತುವೆ ವರದಿಯಲ್ಲಿ ಇತ್ತು, ಹಾಕ್ಕೊಂಡ್ವಿ” ಎಂದರು. ಸೇತುವೆಯವರು ನಕ್ಕೇಬಿಟ್ಟರು. “ಕಂಬ ಎಷ್ಟು ಆಳಕ್ಕೆ ಇಳೀಬೇಕು ಅಂತ ನೋಡೋರು ನಾವು. ನೀರು ಸಿಹಿಯೋ ಕಹಿಯೋ ನಮಗ್ಯಾಕೆ ಸ್ವಾಮಿ? ವರದಿ ತೆಳ್ಳಗಾಯ್ತು ಅಂದ್ರು, ಯಾರದೋ ಹಳೇ ವರದಿಯಿಂದ ಒಂದು ಅಧ್ಯಾಯ ಸೇರಿಸಿದ್ವಿ.” ಇನ್ನೊಬ್ಬರು ನಿವೃತ್ತರು, ಎಲ್ಲ ಕೇಳಿಸಿಕೊಂಡು “ಯಾವ ನದಿ ಅಂದ್ರಿ?” ಎಂದರು. ಮತ್ತೊಬ್ಬರು ಸೇತುವೆಯವರನ್ನು ಕೇಳಿ ಎಂದರು. ಹೀಗೇ ಒಬ್ಬರು ಇನ್ನೊಬ್ಬರ ಮನೆಯ ಬಾಗಿಲು ತೋರಿಸುತ್ತಾ, ತೋರಿಸುತ್ತಾ, ಹನ್ನೊಂದು ಜನವೂ ಕೊನೆಗೆ ಹನ್ನೆರಡನೆಯ ಬಾಗಿಲಿಗೇ ತಂದು ನಿಲ್ಲಿಸಿದರು. ಕಾರ್ಖಾನೆಗಳು ಬರುವ ಎಷ್ಟೋ ವರ್ಷ ಮೊದಲು ಒಬ್ಬ ತರಬೇತಿಯ ಹುಡುಗ ಬರೆದ ಸಣ್ಣ ವರದಿ ಅದು. ಆ ಹುಡುಗ ಈಗ ನಿರ್ದೇಶಕರು.

ತಮ್ಮ ಮಾರನೆಯ ದಿನವೇ ನಿರ್ದೇಶಕರ ಕೋಣೆಗೆ ಹೋಗಿ, ಸರ್, ಖಾನೆ ಖಾಲಿ ಇದೆ, ಮಾದರಿ ಎಲ್ಲಿ ತೆಗೆದಿದ್ದು ಎಂದು ಕೇಳಿದ. ಅವರಿಗೆ ಮುಚ್ಚಿಡುವಂಥದ್ದು ಏನೂ ಅನ್ನಿಸಲಿಲ್ಲ. ಹಳೆಯ ದಿನ ನೆನಪಾಗಿ ಖುಷಿಯಾಗಿ, ಕುರ್ಚಿ ಎಳೆದು ಕೂರಿಸಿಕೊಂಡು ಹೇಳಿದರಂತೆ. “ಹೋ, ಅದಾ! ಆವತ್ತು ಕೆಸರು ನೋಡು, ಜೀಪು ಕೆಳಗೆ ಇಳೀಲೇ ಇಲ್ಲ. ಮೇಲೆ ಗುಡ್ಡದಲ್ಲಿ ಗೆಸ್ಟ್‌ಹೌಸ್ ಹಿಂದೆ ಒಂದು ತೊರೆ ಹರೀತಿತ್ತು. ಅಲ್ಲೇ ಒಂದು ಬಾಟಲಿ ತುಂಬ್ಕೊಂಡ್ವಿ. ಎಂಥಾ ನೀರು ಅಂತೀಯ! ದಾರೀಲಿ ಅರ್ಧ ನಾವೇ ಕುಡಿದುಬಿಟ್ವಿ.”

ಇಷ್ಟು ಹೇಳಲು ನನ್ನ ತಮ್ಮ ಅವತ್ತು ಆಫೀಸಿನಿಂದ ಅಂಗಡಿಗೆ ಓಡಿಕೊಂಡೇ ಬಂದಿದ್ದ. ಕಣ್ಣು ಹೊಳೆಯುತ್ತಿತ್ತು. ಅವನ ಮುಖದಲ್ಲಿ ಅಂಥ ಕಳೆ ನಾನು ಅವನ ಮದುವೆಯಲ್ಲೂ ಕಂಡಿರಲಿಲ್ಲ. “ಹನ್ನೆರಡಲ್ಲ ಅಕ್ಕಾ! ಒಂದೇ! ಒಂದೂ ಅಲ್ಲ, ಅರ್ಧ ಬಾಟಲಿ!” ಎಂದ. ನನಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಯಂತ್ರ ಆರಿಸಿ ಬಂದು ಅವನ ತಲೆ ಸವರಿದೆ. ನನ್ನ ಗಂಡ ಬೇಕರಿಗೆ ಹೋಗಿ ಬಿಸ್ಕತ್ತು ತಂದರು. ಬೀದಿ ಉಳಿಯಿತು ಎಂದೇ ನಾನು ನಂಬಿದೆ, ಸುಳ್ಳು ಯಾಕೆ ಹೇಳಲಿ.

ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತಿದ್ದವನನ್ನು ಕೇಳಿದೆ. “ಹಾಗಾದ್ರೆ ಸಂಪುಟದಲ್ಲಿ ಇದನ್ನೇ ಬರೀತೀಯಲ್ಲ?”

ಅವನು ಬಿಸ್ಕತ್ತು ಮರೆತು ನನ್ನನ್ನು ನೋಡಿದ. ಅದು ಚಹಾದೊಳಗೆ ಕಳಚಿ ಬಿತ್ತು. “ಅದು ಹೇಗಾಗುತ್ತೆ ಅಕ್ಕಾ? ಅವರು ಬಾಯಲ್ಲಿ ಹೇಳಿದ್ದು. ಅಚ್ಚಾಗಿಲ್ಲ. ಅಚ್ಚಾಗಿರೋದನ್ನ ಮಾತ್ರ ಸಂಗ್ರಹಿಸ್ಬೇಕು.”

“ಅಚ್ಚಾಗಿರೋದೆಲ್ಲ ನಿಜ, ಬಾಯಲ್ಲಿ ಹೇಳಿದ್ದೆಲ್ಲ ಸುಳ್ಳಾ?”

“ಹಾಗಲ್ಲ. ಅಚ್ಚಾಗಿರೋದು ಸುಳ್ಳಾದ್ರೂ ಯಾವ ಪುಟ ಅಂತ ತೋರಿಸ್ಬಹುದು.”

“ಹಾಗಾದ್ರೆ ನೀನೇ ಬರೆದು ಅಚ್ಚು ಹಾಕ್ಸು ಮಾರಾಯ!”

“ನಾನು ಸಂಗ್ರಹಕಾರ. ಸಂಗ್ರಹಕಾರ ಸ್ವಂತದ್ದು ಒಂದು ವಾಕ್ಯವೂ ಬರೀಬಾರದು. ನಿಯಮ ಇದೆ” ಎಂದು ಹೇಳಿ, ಚಮಚದಿಂದ ಬಿಸ್ಕತ್ತು ಎತ್ತಿ ತಿಂದ.

ಆ ಹೊತ್ತಿಗೆ ಡ್ಯೂಟಿ ಮುಗಿಸಿ ನಾದಿನಿ ಬಂದಿದ್ದಳು. ಟಿಕೆಟ್ ಚೀಲ ಇನ್ನೂ ಹೆಗಲಲ್ಲೇ ಇತ್ತು. ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ನೋಡಿ, ಹತ್ತೋದಿದ್ರೆ ಹತ್ತಿ, ಇಳಿಯೋದಿದ್ರೆ ಇಳೀರಿ. ಫುಟ್‌ಬೋರ್ಡಲ್ಲಿ ನೇತಾಡ್ಕೊಂಡು ಎರಡೂ ಕಡೆ ನೋಡ್ತಿದ್ರೆ ಬಸ್ಸೂ ಹೊರಡಲ್ಲ. ಅತ್ತಿಗೆ ಇಷ್ಟು ದಿನ ನಿಮಗೆ ಅನ್ನ ಹಾಕಿ ಓದಿಸಿದಾರೆ, ನೆನಪಿರ್ಲಿ” ಎಂದು ಗದರಿದಳು. ಬಂಗಾರದಂಥ ಹೆಣ್ಣು. ಅವನ ಮುಖ ಚಿಕ್ಕದಾಯಿತು. ಬಹಳ ಹೊತ್ತು ಉಗುರು ಕಚ್ಚಿ, ಕೊನೆಗೆ ಒಂದು ದಾರಿ ಕಂಡುಕೊಂಡ. ತಾನಾಗಿ ಬರೆಯುವ ಹಾಗಿಲ್ಲ, ತಾನಾಗಿ ಎದ್ದು ಹೇಳುವ ಹಾಗೂ ಇಲ್ಲ. ಆದರೆ ಸಭೆಯಲ್ಲಿ ಯಾರಾದರೂ ಕೇಳಿದರೆ ಉತ್ತರ ಕೊಡಬಾರದೆಂಬ ನಿಯಮ ಎಲ್ಲೂ ಇಲ್ಲ. “ನೀನು ಕೇಳಿಸು ಅಕ್ಕಾ. ಕೇಳಿದ್ರೆ ಹೇಳ್ತೀನಿ. ಆಣೆಗೂ ಹೇಳ್ತೀನಿ” ಎಂದ. ನನ್ನ ಕೈ ಹಿಡಿದು ಹೇಳಿದ.

ಸಭೆಯ ದಿನ ಬೀದಿಗೆ ಬೀದಿಯೇ ಯಂತ್ರ ನಿಲ್ಲಿಸಿ ಹೊರಟಿತು. ನಾನು ನನ್ನ ಕಪಾಟಿನಲ್ಲಿದ್ದ ಒಳ್ಳೆಯ ಉಡುಪು ತೊಟ್ಟಿದ್ದೆ. ಮುಂದಿನ ಸಾಲಿನಲ್ಲಿ ಕಾರ್ಖಾನೆಯವರು, ಹೊಳೆಯುವ ಬೂಟು, ಅವರದೇ ಚರ್ಮವಿರಬೇಕು. ವೇದಿಕೆಯ ಮೇಲೆ ನಿರ್ದೇಶಕರು, ಅವರ ಪಕ್ಕದಲ್ಲಿ ಸಂಪುಟ, ಸಂಪುಟದ ಪಕ್ಕದಲ್ಲಿ ಸಂಪುಟಕ್ಕಿಂತ ಕುಗ್ಗಿ ಕೂತ ನನ್ನ ತಮ್ಮ. ನಿರ್ದೇಶಕರು ಓದಿದರು. ಹದಿಮೂರು ಅಧ್ಯಯನಗಳಲ್ಲಿ ಹನ್ನೆರಡು ನೀರಿನ ಗುಣಮಟ್ಟ ತೃಪ್ತಿಕರವೆಂದು ಹೇಳಿವೆ. ಮೇಡಂ ಎದ್ದು ತನ್ನ ಒಂದು ವರ್ಷದ ಲೆಕ್ಕ ಹೇಳಿದಳು. “ತುಂಬಾ ಆಸಕ್ತಿಕರ” ಎಂದು ನಿರ್ದೇಶಕರು ತಲೆಯಾಡಿಸಿದರು. ತಲೆಯಾಡಿಸಿದ ರೀತಿ ನೋಡಿಯೇ ಅವಳ ಕಥೆ ಮುಗಿಯಿತೆಂದು ನನಗೆ ಗೊತ್ತಾಯಿತು.

ನಾನು ಎದ್ದೆ. “ಸ್ವಾಮಿ, ಆ ಹನ್ನೆರಡು ವರದಿಯ ನೀರು ಎಲ್ಲಿಂದ ತಂದದ್ದು? ಗೆಸ್ಟ್‌ಹೌಸ್ ಹಿಂದಿನ ತೊರೆಯಿಂದ ತಾನೆ? ಒಂದೇ ಬಾಟಲಿ ತಾನೆ? ಅದ್ರಲ್ಲೂ ಅರ್ಧ ಕುಡಿದು ಮುಗಿಸಿದ್ರಿ ತಾನೆ?” ಎಂದೆ.

ಸಭೆಯಲ್ಲಿ ನಗು ಎದ್ದಿತು. ನಿರ್ದೇಶಕರ ಮುಖ ಕೆಂಪಾಯಿತು. ಆದರೂ ಮೆತ್ತಗೆ, “ಅಮ್ಮಾ, ಇದಕ್ಕೆಲ್ಲ ಏನಾಧಾರ?” ಎಂದರು.

“ನಿಮ್ಮ ಪಕ್ಕದಲ್ಲೇ ಕೂತಿದೆ ಆಧಾರ. ಕೇಳಿ ಅವನ್ನ!”

ಎಲ್ಲರ ಕಣ್ಣೂ ಅವನ ಮೇಲೆ. ನಿರ್ದೇಶಕರು ನಿಧಾನವಾಗಿ ಅವನ ಕಡೆ ತಿರುಗಿದರು. ಗದರಲಿಲ್ಲ, ಹೆದರಿಸಲಿಲ್ಲ. ಪ್ರೀತಿಯಿಂದ ಹೆಗಲ ಮೇಲೆ ಕೈಯಿಟ್ಟು, “ಏನಪ್ಪಾ, ಈ ಹನ್ನೆರಡೂ ಬೇರೆ ಬೇರೆ ವರದಿಗಳು. ಹೌದೋ ಅಲ್ವೋ?” ಎಂದರು.

ತಮ್ಮ ಎದ್ದು ನಿಂತ. ನನ್ನ ಕಡೆ ನೋಡಲಿಲ್ಲ. “ಹೌದು ಸರ್” ಎಂದ.

ನಾವೆಲ್ಲ ಮುಂದಕ್ಕೆ ಬಾಗಿದೆವು. ಪಕ್ಕದ ಅಂಗಡಿಯ ಮುದುಕಿ ನನ್ನ ಮೊಣಕೈ ಹಿಡಿದು “ತಡಿ, ಈಗ ಅಂತಾನೆ ನೋಡು” ಎಂದಳು. ಜೀವಮಾನವಿಡೀ ಬೇಕಾದ್ದಕ್ಕೂ ಬೇಡದ್ದಕ್ಕೂ ಆದಾಗ್ಯೂ ಎಂದವನು. ಉಪ್ಪು ಸಾಕೇನೋ ಎಂದರೆ ಆದಾಗ್ಯೂ ಎಂದವನು. ಅವತ್ತು ಆ ಒಂದು ಮಾತು ಬಿದ್ದಿದ್ದರೆ ಒಂದು ಬೀದಿ ಬದುಕುತ್ತಿತ್ತು. ಅವನು ಕುರ್ಚಿಯನ್ನು ಸರಿಮಾಡಿಕೊಂಡು ಕೂತುಬಿಟ್ಟ.

ಚರಂಡಿ ಇದ್ದಲ್ಲೇ ಇರಲಿ ಎಂದು ತೀರ್ಮಾನವಾಯಿತು. ನಾದಿನಿ ಸಭೆಯಿಂದ ನನ್ನ ಜೊತೆಗೇ ಎದ್ದು ಬಂದಳು, ಗಂಡನಿಗಾಗಿ ಕಾಯಲಿಲ್ಲ. ಅಂಗಡಿಯ ಹತ್ತಿರ ಬಂದಾಗ ನನ್ನನ್ನು ತಬ್ಬಿಕೊಂಡು ಗೊಳೋ ಎಂದು ಅತ್ತಳು. ನಾನು ಅಳಲಿಲ್ಲ. ಮಾರನೆಯ ದಿನ ಅವನು ಬಂದು, “ಅವರು ಕೇಳಿದ್ದು ವರದಿ ಬೇರೆ ಬೇರೆನಾ ಅಂತ. ನೀರು ಬೇರೆ ಬೇರೆನಾ ಅಂತ ಕೇಳ್ಲಿಲ್ಲ ಅಕ್ಕಾ” ಎಂದ. “ನನ್ನ ಕಣ್ಣೆದುರು ನಿಲ್ಬೇಡ, ಹೋಗು” ಎಂದೆ. ಹೋದ. ಅವನನ್ನು ಕಾಯಂ ಮಾಡಿದರೆಂದು ಯಾರೋ ಹೇಳಿದರು.

ಆಸ್ಪತ್ರೆಯವರು ನೆಲಮಾಳಿಗೆಯಲ್ಲಿ ತಮ್ಮದೇ ಯಂತ್ರ ಹಾಕಿಸಿಕೊಂಡರು. ನಮ್ಮ ಬೀದಿಯ ಅಂಗಡಿಗಳು ಒಂದರ ಹಿಂದೆ ಒಂದು ಬಾಗಿಲೆಳೆದುಕೊಂಡವು. ಪಕ್ಕದ ಮುದುಕಿ ಮಗಳ ಮನೆಗೆ ಹೋದಳು. ನಮ್ಮ ಇಸ್ತ್ರಿಯ ಉರುಳೆಯನ್ನು ಗುಜರಿಯವರು ಹಗ್ಗ ಕಟ್ಟಿ ಎಳೆದೊಯ್ಯುವಾಗ ನನ್ನ ಗಂಡ ಗಾಡಿಯ ಹಿಂದೆ ತಿರುವಿನವರೆಗೂ ಹೋಗಿ ಬಂದರು. ಮೇಲ್ವಿಚಾರಕಿ ಕರುಣೆಯಿಂದ ನಮಗಿಬ್ಬರಿಗೂ ಆ ನೆಲಮಾಳಿಗೆಯಲ್ಲೇ ಕೆಲಸ ಕೊಟ್ಟಳು. ಈಗ ನಾನು ಕೂಲಿಗೆ ಮಡಿಸುತ್ತೇನೆ, ಅವರು ಗಾಡಿ ತಳ್ಳುತ್ತಾರೆ. ಬೇರೆ ಬೇರೆ ಪಾಳಿ. ಹಾಸುಬಟ್ಟೆಯ ಇನ್ನೊಂದು ತುದಿಯನ್ನು ಯಾರೋ ಗುರುತಿಲ್ಲದವಳು ಹಿಡಿದಿರುತ್ತಾಳೆ.

ತಮ್ಮನ ಜೊತೆ ಬಹಳ ಕಾಲ ಮಾತು ಬಿಟ್ಟಿದ್ದೆ. ಆದರೂ ಒಂದೇ ಹೊಟ್ಟೆಯಿಂದ ಬಂದವನು, ಎಲ್ಲಿಗೆ ಅಂತ ಬಿಸಾಡಲಿ? ಮೊನ್ನೆ ಊಟದ ಹೊತ್ತಿಗೆ ನೆಲಮಾಳಿಗೆಯ ಮೆಟ್ಟಿಲಿಳಿದು ಬಂದ. ತಲೆ ನರೆತಿದೆ, ಬೂಟು ಹೊಸದು. ಕಂಕುಳಲ್ಲಿ ಸಂಪುಟದ ಹೊಸ ಆವೃತ್ತಿ. ಸಂಕೋಚದಿಂದಲೇ ನನ್ನ ಪಕ್ಕ ಬೆಂಚಿನ ಮೇಲೆ ಕೂತು, ಒಂದು ಪುಟ ತೆರೆದು, ಒಂದು ಸಾಲಿನ ಕೆಳಗೆ ಬೆರಳಿಟ್ಟ. “ಓದು ಅಕ್ಕಾ” ಎಂದ.

ಕನ್ನಡಕ ಹಾಕಿಕೊಂಡು ಓದಿದೆ. ‘ಕೆಳಬೀದಿಯ ಭಾಗದಿಂದ ನೀರಿನ ಗುಣಮಟ್ಟದ ಬಗ್ಗೆ ಬರುತ್ತಿದ್ದ ದೂರುಗಳು ಈಚಿನ ವರ್ಷಗಳಲ್ಲಿ ಸಂಪೂರ್ಣವಾಗಿ ನಿಂತಿದ್ದು, ಇದು ಪರಿಸ್ಥಿತಿ ಸುಧಾರಿಸಿರುವುದನ್ನು ಸೂಚಿಸುತ್ತದೆ.’

ಎರಡನೆಯ ಸಲ ಓದಿದೆ. “ಇದನ್ನ ಯಾರ ವರದಿಯಿಂದ ತಗೊಂಡ್ಯೋ?” ಎಂದೆ.

“ಯಾರದ್ದೂ ಅಲ್ಲ ಅಕ್ಕಾ. ಕಾಯಂ ಆದೋರು ಬರೀಬಹುದು ಅಂತ ನಿಯಮ ಬದಲಾಯ್ತು. ಇದು ನಂದೇ ವಾಕ್ಯ. ನಾನೇ ಬರೆದಿದ್ದು, ಇದೇ ಮೊದಲು” ಎಂದ. ಅವನ ಮುಖದಲ್ಲಿ ಹೆಮ್ಮೆಯಿತ್ತು. ಕಪಟವಾಗಲಿ ಕುಹಕವಾಗಲಿ ಎಳ್ಳಷ್ಟೂ ಇರಲಿಲ್ಲ. ಅದೇ ನನ್ನನ್ನು ಇನ್ನಷ್ಟು ಉರಿಸಿದ್ದು.

“ದೂರು ಕೊಡೋಕೆ ಆ ಬೀದಿಯಲ್ಲಿ ಯಾರಿದಾರೋ ಪಾಪಿ?” ಎಂದೆ. ದನಿ ಏರಿತು, ಊಟ ಮಾಡುತ್ತಿದ್ದವರೆಲ್ಲ ತಿರುಗಿ ನೋಡಿದರು.

ಅವನು ಪುಸ್ತಕ ಮುಚ್ಚಿ ಎದೆಗೆ ಒತ್ತಿಕೊಂಡ. ನಾನು ಅಳುತ್ತಿರುವುದು ಅವನಿಗೆ ಕಂಡಿತು, ಕಂಡು ಅವನ ಕಣ್ಣೂ ತುಂಬಿತು. ನನ್ನ ಬೆನ್ನು ಸವರುತ್ತಾ, ಸಮಾಧಾನ ಮಾಡುವ ದನಿಯಲ್ಲೇ ಹೇಳಿದ.

“ಈಗ ತೆಗೆಯೋಕಾಗಲ್ಲ ಅಕ್ಕಾ. ಆಗ್ಲೇ ಇಬ್ಬರು ಇದನ್ನ ತಮ್ಮ ವರದಿಗೆ ತಗೊಂಡಿದಾರೆ.”